ಹೋಟೆಲ್ ಬಿಲ್ ಉಳಿಸುವ ಸ್ಲೀಪರ್ ಬಸ್

ಆಫೀಸ್ ಕೆಲಸಕ್ಕೆ ಪದೇ ಪದೇ ಊರೂರು ತಿರುಗುವವರಿಗೆ ಸಲಹೆ ಕೊಡುವವರಿಗೇನು ಕಮ್ಮಿ ಇಲ್ಲ. ಕುತ್ತಿಗೆಗೆ ದಿಂಬು ತಗೊಳ್ರಿ, ಕಣ್ಣಿಗೆ ಪಟ್ಟಿ ಕಟ್ಟಿಕೊಳ್ರಿ, ಒಳ್ಳೆ ಹೆಡ್‌ಫೋನ್ ಹಾಕ್ಕೊಳ್ರಿ, ನೀರು ಜಾಸ್ತಿ ಕುಡೀರಿ. (ಸ್ಲೀಪರ್ ಬಸ್ಸಿನೊಳಗ ನೀರು ಜಾಸ್ತಿ ಕುಡೀರಿ ಅಂದವರು ಆ ಬಸ್ಸು ಒಮ್ಮೆಯೂ ಹತ್ತಿರಲಿಕ್ಕಿಲ್ಲ.) ಇಷ್ಟೆಲ್ಲ ಹೇಳುವವರು ಒಂದು ಪ್ರಶ್ನೆ ಮಾತ್ರ ಕೇಳೋದಿಲ್ಲ: ನೀವು ರಾತ್ರೀನೇ ಯಾಕ ಹೊಂಟೀರಿ?

ಭಾನುವಾರ ರಾತ್ರಿ ಕಿತ್ತೂರಿನ ಹೈವೇ ಬದಿಗೆ ನಿಂತು ನೋಡ್ರಿ. ಬೈಲಹೊಂಗಲದ ಹುಡುಗ, ಸವದತ್ತಿಯ ಹುಡುಗಿ, ಬೆನ್ನಿಗೆ ಲ್ಯಾಪ್‌ಟಾಪ್ ಚೀಲ, ಕೈಯಾಗ ಅವ್ವ ಕಟ್ಟಿಕೊಟ್ಟ ರೊಟ್ಟಿ ಗಂಟು. ಅದೇ ರಾತ್ರಿ ಬೆಂಗಳೂರಿನಿಂದ ಈ ಕಡೆಗೂ ಜನ ಹೊರಟಿರುತ್ತಾರೆ: ಮುನವಳ್ಳಿ, ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗಳಿಗೆ ಯಂತ್ರ ನೋಡಲು ಬರುವ ಎಂಜಿನಿಯರ್, ರಾಮದುರ್ಗದ ಅಂಗಡಿಗಳಿಗೆ ಬೀಜ-ಗೊಬ್ಬರ ಮಾರುವ ಕಂಪನಿಯವರು, ಔಷಧ ಕಂಪನಿಯವರು. ಸೋಮವಾರ ಹತ್ತಕ್ಕೆ ಎಲ್ಲರಿಗೂ ಮೀಟಿಂಗ್.

ಈ ಹತ್ತು ಗಂಟೆಯ ಮೀಟಿಂಗಿನಲ್ಲಿಯೇ ಇರೋದು ಗುಟ್ಟು. ರಾತ್ರಿ ಬಸ್ಸಿನಾಗ ಬಂದರೆ ಕಂಪನಿಗೆ ಒಂದು ದಿನದ ಕೆಲಸ ಉಳೀತು, ಒಂದು ರಾತ್ರಿಯ ರೂಮ್ ಬಾಡಿಗೆನೂ ಉಳೀತು. ಅದನ್ನು ಕಟ್ಟಿದವರು ಯಾರು? ನೀವು, ಮತ್ತ ಸ್ಟೇರಿಂಗ್ ಹಿಡಿದು ಕೂತ ಆ ಡ್ರೈವರ್. ನಿಮ್ಮಿಬ್ಬರ ನಿದ್ದೆ. ಹತ್ತು ತಾಸು ರಸ್ತೆ ಮೇಲೆ ಇದ್ದದ್ದು ನಿಮ್ಮ ಟೈಮ್‌ಶೀಟಿನಾಗ ಎಲ್ಲಿಯೂ ಬರೋದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಡ್ರೈವರ್‌ಗಾದರೂ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಅಂತ ಮಿತಿ ಹಾಕಿತ್ತು. ಪಾಲನೆ ಎಷ್ಟಾಗ್ತಿತ್ತು ಅನ್ನೋದು ಬೇರೆ ಮಾತು, ಕಾಗದದ ಮೇಲಾದರೂ ಇತ್ತು. ಹಿಂದೆ ಮಲಗಿದವನ ಹೆಸರಿಗೆ ಅಷ್ಟೂ ಇಲ್ಲ.

ಸುರಕ್ಷತೆ ಅಂತ ನಾನು ಸುಮ್ಮನೆ ಹೆದರಿಸ್ತಿಲ್ಲ. 2013ರ ಅಕ್ಟೋಬರ್ 30ರಂದು ಬೆಂಗಳೂರು-ಹೈದರಾಬಾದ್ ರಾತ್ರಿ ಬಸ್ಸು ಪಾಲೆಂ ಹತ್ತಿರ ಹೊತ್ತಿ ಉರಿದು 45 ಜನ ಸತ್ತರು. ಸುಮಾರು ಎರಡು ವಾರಕ್ಕೆ, ಬೆಂಗಳೂರಿನಿಂದ ಮುಂಬೈಗೆ ಹೊರಟ ಬಸ್ಸು ನಮ್ಮದೇ ರಸ್ತೆಯಲ್ಲಿ, ಹಾವೇರಿ ಹತ್ತಿರ ಸುಟ್ಟು 7 ಜನ ಹೋದರು. ಮೊನ್ನೆ ಮೊನ್ನೆ, 2025ರ ಅಕ್ಟೋಬರ್ 24ರ ಬೆಳಗಿನ ಜಾವ, ಕರ್ನೂಲಿನ ಬಳಿ ಬಸ್ಸಿನಡಿಗೆ ಸಿಕ್ಕ ಬೈಕನ್ನು ಬಸ್ಸು ಎಳಕೊಂಡು ಹೋಗಿ ಬೆಂಕಿ ಹತ್ತಿ 19 ಪ್ರಯಾಣಿಕರು ಸತ್ತರು. ದೀಪಾವಳಿ ಮುಗಿಸಿ ಬೆಂಗಳೂರಿನ ಕೆಲಸಕ್ಕೆ ವಾಪಸ್ ಹೊರಟ ಟೆಕ್ಕಿಗಳು ಅದರಾಗಿದ್ದರು. ಶುಕ್ರವಾರ ಆಫೀಸಿಗೆ ಹಾಜರಾಗಬೇಕಿತ್ತು.

ಮಲಗಿದವನು ಎದ್ದು ಪರದೆ ಸರಿಸಿ, ಮೇಲಿನ ಬರ್ತಿನಿಂದ ಇಳಿದು, ಒಬ್ಬರೇ ನಡೆಯುವಷ್ಟು ಅಗಲದ ಓಣಿಯಲ್ಲಿ ಹೊಗೆಯೊಳಗೆ ಬಾಗಿಲು ಹುಡುಕಬೇಕು. ಕುಳಿತು ಹೋಗುವ ಬಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಚೀನಾದಲ್ಲಿ 2011ರ ಜುಲೈನಲ್ಲಿ ಸ್ಲೀಪರ್ ಬಸ್ಸೊಂದು ಸುಟ್ಟು 41 ಮಂದಿ ಸತ್ತ ಮೇಲೆ, 2012ರಿಂದ ಹೊಸ ಸ್ಲೀಪರ್ ಬಸ್ಸುಗಳ ನೋಂದಣಿಯನ್ನೇ ನಿಲ್ಲಿಸಿಬಿಟ್ಟರು. ನಾವು ಪ್ರತಿ ಸಲ ನಾಲ್ಕು ದಿನ ಬಸ್ಸು ನಿಲ್ಲಿಸಿ ತಪಾಸಣೆ ಮಾಡ್ತೀವಿ, ಸುತ್ತಿಗೆ ಇದೆಯೋ ಇಲ್ಲವೋ ನೋಡ್ತೀವಿ, ಐದನೇ ದಿನ ಆ್ಯಪ್ ತೆರೆದು ಬುಕ್ ಮಾಡ್ತೀವಿ.

“ಮತ್ತೇನು ಮಾಡೋಣ, ನಮ್ಮೂರಿಗೆ ರೈಲಾದರೂ ಎಲ್ಲೈತಿ?” ಅಂತೀರಿ. ಖರೆ ಅದ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ನಾಲ್ಕೂ ಊರಿಗೆ ರೈಲಿಲ್ಲ. ಧಾರವಾಡದಿಂದ ಬೆಳಗಾವಿಗೆ ಹೋಗುವ ರೈಲು ಇಂದಿಗೂ ಲೋಂಡಾ ಸುತ್ತಿ ಹೋಗಬೇಕು. ಕಿತ್ತೂರಿನ ಮೇಲೆ ಹಾಯುವ 73 ಕಿ.ಮೀ. ನೇರ ಮಾರ್ಗಕ್ಕಾಗಿ ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ ಅಂಗಡಿಯವರು ಓಡಾಡಿದರು. 2020ರ ಸೆಪ್ಟೆಂಬರಿನಲ್ಲಿ ಅವರು ಕೋವಿಡ್‌ನಿಂದ ತೀರಿಹೋದರು, ಆ ಹೊತ್ತಿಗೇ ಮಂಜೂರಾತಿಯ ಸುದ್ದಿಯೂ ಬಂತು. ಮಾರ್ಗ ಮಾತ್ರ ಬರಲಿಲ್ಲ. ರಸ್ತೆಯೂ ಅಷ್ಟೇ. ಹೆದ್ದಾರಿಯುದ್ದಕ್ಕೂ ಅಗಲವಾಗಿ ಬಂದು, ಹುಬ್ಬಳ್ಳಿ-ಧಾರವಾಡದ ಬೈಪಾಸಿನಲ್ಲಿ ವರ್ಷಗಟ್ಟಲೆ ನಡುವೆ ಡಿವೈಡರ್ ಇಲ್ಲದೆ ಎರಡೇ ಲೇನ್. 2021ರ ಜನವರಿಯಲ್ಲಿ ಇಟಿಗಟ್ಟಿ ಹತ್ತಿರ ಗೋವಾಕ್ಕೆ ಹೊರಟ ದಾವಣಗೆರೆಯ ಗೆಳತಿಯರ ಟೆಂಪೊ ಟಿಪ್ಪರ್‌ಗೆ ಬಡಿದು ಹತ್ತಕ್ಕೂ ಹೆಚ್ಚು ಜನ ಸತ್ತ ಮೇಲೆ ಅಗಲೀಕರಣಕ್ಕೆ ಜೀವ ಬಂತು.

ಆದರೆ ರೈಲಿಲ್ಲ ಅನ್ನೋದು ಈಗ ಅರ್ಧ ನೆಪ. 2023ರಿಂದ ಧಾರವಾಡಕ್ಕೆ ವಂದೇ ಭಾರತ್ ಇದೆ, 2025ರ ಆಗಸ್ಟಿನಿಂದ ಬೆಳಗಾವಿಗೂ ಒಂದಿದೆ. ಸವದತ್ತಿಯಿಂದ ಧಾರವಾಡ ಸುಮಾರು 40 ಕಿ.ಮೀ. ಹಗಲಿನಾಗ ಕೂತು, ಊಟ ಮಾಡಿ, ಬೇಕಿದ್ದರೆ ಲ್ಯಾಪ್‌ಟಾಪ್ ತೆರೆದು ಹೋಗಬಹುದು. ಯಾಕ ಹೋಗೋದಿಲ್ಲ? ಹಗಲು ಪ್ರಯಾಣ ಮಾಡಿದರೆ ರಜೆ ಕಟ್ ಆಗ್ತದ! ರಾತ್ರಿ ಜೀವ ಕೈಯಾಗ ಹಿಡಕೊಂಡು ಹೋದರೆ ರಜೆ ಉಳೀತದ. ಇಂಥ ಲೆಕ್ಕ ಬರೆದವರು ವರ್ಷಕ್ಕೊಮ್ಮೆ ನಮಗೆ ‘ವೆಲ್‌ನೆಸ್ ವೀಕ್’ ಬೇರೆ ಮಾಡ್ತಾರ.

ನಮ್ಮ ಹುಡುಗರದೂ ಒಂದು ಚಟ ಇದೆ, ಹೇಳದಿದ್ದರೆ ತಪ್ಪಾಗ್ತದ. “ರಾತ್ರಿ ಬಸ್ಸಿನಾಗ ಬಂದೆ, ಸೀದಾ ಸ್ಟ್ಯಾಂಡಪ್‌ಗೆ ಕೂತೆ” ಅಂತ ಪೌರುಷದಂಗ ಹೇಳ್ಕೋತಾರ. ಮ್ಯಾನೇಜರ್ ಭೇಷ್ ಅಂತಾನ. ಮುಂದಿನ ಸಲ ಹಗಲು ಬರ್ತೀನಿ ಅನ್ನುವ ಹೆಣ್ಣುಮಗಳ ಹೆಸರಿಗೆ ‘ಹೊಂದಿಕೊಳ್ಳೋದಿಲ್ಲ’ ಅಂತ ಬರೀತಾರ. ಬೆಳಗಿನ ನಾಲ್ಕಕ್ಕೆ ಕಿತ್ತೂರಿನ ಫ್ಲೈಓವರ್ ಪಕ್ಕ ಇಳಿದು, ಬೈಲಹೊಂಗಲದ ಮೊದಲ ಬಸ್ಸಿಗೆ ಕತ್ತಲಲ್ಲಿ ಕಾಯುವವಳು ಆಕೆ.

ರಾತ್ರಿ ಹೋಗಲೇಬೇಕಾಯ್ತು ಅನ್ರಿ. ಕೆಳಗಿನ ಬರ್ತ್ ತಗೊಳ್ರಿ. ಹತ್ತಿದ ಕೂಡಲೇ ತುರ್ತು ಬಾಗಿಲು ಎಷ್ಟು ಬರ್ತ್ ದೂರ ಅಂತ ಕೈಯಿಂದ ಮುಟ್ಟಿ ಎಣಿಸ್ರಿ, ಹೊಗೆಯೊಳಗ ಕಣ್ಣು ಕೆಲಸಕ್ಕ ಬರೋದಿಲ್ಲ. ಎರಡನೇ ಡ್ರೈವರ್ ಇದ್ದಾನೇನು ಅಂತ ಕೇಳ್ರಿ. ಮುಜುಗರ ಏನೂ ಇಲ್ಲ, ದುಡ್ಡು ಕೊಟ್ಟೀರಿ. ಇಷ್ಟು ಮಾಡಿ ಮುಂದಿನ ಟ್ರಾವೆಲ್ ಫಾರ್ಮ್ ತುಂಬುವಾಗ ಪ್ರಯಾಣದ ದಿನದ ಎದುರು ‘ಕೆಲಸದ ದಿನ’ ಅಂತ ಬರೆದು ಕಳಿಸ್ರಿ. ವಾಪಸ್ ಬಂದರೆ ಕಾರಣವನ್ನು ಇಮೇಲಿನಲ್ಲಿ ಬರೆದು ಕೊಡ್ರಿ ಅಂತ ಕೇಳ್ರಿ, ಪಕ್ಕದ ಟೇಬಲ್ಲಿನವರಿಗೂ ಹಂಗೇ ಕೇಳಲು ಹೇಳ್ರಿ.