ನೋಡತಕ್ಕ ಎರಡು ಮನೆಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಈಗ ಜರ್ಮನಿ ದೇಶದಲ್ಲಿ ದಾದಿಯರಾಗಿಯೂ ಇಂಜಿನಿಯರರಾಗಿಯೂ ಗೃಹಿಣಿಯರಾಗಿಯೂ ಇದ್ದಾರೆ. ಅವರನ್ನು ನೋಡಿ ಬರುವುದಕ್ಕೆ ತಾಯಿತಂದೆಗಳೂ ಹೋಗುವುದುಂಟು. ಹಿಂದಿರುಗಿದವರು ಶಾಲೆಗೆ ಬಂದು, ಅಲ್ಲಿಯ ಕೋಟೆಗಳ, ದೇವಾಲಯಗಳ, ವಸ್ತುಸಂಗ್ರಹಾಲಯಗಳ ಪಟಗಳನ್ನು ತೋರಿಸುವಾಗ ನನಗೆ ಬಹು ಸಂತೋಷವಾಗುತ್ತದೆ. ಆದರೆ ಆ ದೇಶದವರು ತಮ್ಮ ಸ್ವಂತ ಅಪರಾಧಗಳ ನೆನಪಿಗಾಗಿ ಕಟ್ಟಿರುವ ಸ್ಮಾರಕಗಳ ಮಾತೆತ್ತಿದರೆ, “ಅಷ್ಟು ದೂರ ಹೋಗಿ ದುಃಖದ ಸ್ಥಳಗಳನ್ನು ಯಾಕೆ ನೋಡಬೇಕಮ್ಮಾ?” ಎಂದು ಕೇಳುವವರೇ ಹೆಚ್ಚು. ಆ ಪ್ರಶ್ನೆಗೆ ಉತ್ತರವಾಗಿ ಈ ನಾಲ್ಕು ಮಾತುಗಳನ್ನು ಬರೆಯುತ್ತೇನೆ. ಒಂದು ಜನಾಂಗದ ಕೀರ್ತಿಯನ್ನು ಮಾತ್ರ ನೋಡಿ ಬಂದವರು ಅರ್ಧ ಪಾಠವನ್ನು ಓದಿ ಬಂದವರೇ ಸರಿ ಎಂಬುದು ನನ್ನ ಅಭಿಪ್ರಾಯ.

ದೃಷ್ಟಾಂತವಾಗಿ ಟ್ಯೂಬಿಂಗೆನ್ ಎಂಬ ಪಟ್ಟಣವನ್ನೇ ತೆಗೆದುಕೊಳ್ಳೋಣ. ದಕ್ಷಿಣ ಜರ್ಮನಿಯಲ್ಲಿ ನೆಕ್ಕಾರ್ ನದಿಯ ದಡದಲ್ಲಿರುವ ಈ ಪಟ್ಟಣವು ಕನ್ನಡಿಗರಿಗೆ ತೀರ ಪರಕೀಯವಾದದ್ದಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಓದಿದ್ದು ಇಲ್ಲಿಯ ವಿಶ್ವವಿದ್ಯಾನಿಲಯದಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ನಮಗೆ ಕೊಟ್ಟ ಫರ್ಡಿನೆಂಡ್ ಕಿಟ್ಟೆಲರಿಗೆ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿದ್ದು ಇದೇ ವಿಶ್ವವಿದ್ಯಾನಿಲಯವು. ಅವರು 1903ರಲ್ಲಿ ಕಣ್ಣು ಮುಚ್ಚಿದ್ದೂ ಇದೇ ಪಟ್ಟಣದಲ್ಲಿ. ವಿಶ್ವವಿದ್ಯಾನಿಲಯವು 1477ರಲ್ಲಿ ಸ್ಥಾಪಿತವಾದದ್ದು. ಇಲ್ಲಿಯ ದೇವಶಾಸ್ತ್ರದ ವಿದ್ಯಾರ್ಥಿನಿಲಯದಲ್ಲಿ ಗ್ರಹಗಳ ಚಲನೆಯ ನಿಯಮಗಳನ್ನು ಕಂಡುಹಿಡಿದ ಕೆಪ್ಲರನು ವಾಸಿಸಿದ್ದನು. ಅವನ ತರುವಾಯ ತತ್ತ್ವಜ್ಞಾನಿಗಳಾದ ಹೇಗೆಲ್, ಶೆಲ್ಲಿಂಗ್ ಎಂಬವರೂ ಕವಿಯಾದ ಹೋಲ್ಡರ್ಲಿನನೂ ಅದೇ ನಿಲಯದಲ್ಲಿ ಸಂಗಡಿಗರಾಗಿದ್ದರು. ಬೆಟ್ಟದ ಮೇಲಿನ ಕೋಟೆಯ ವಸ್ತುಸಂಗ್ರಹಾಲಯದಲ್ಲಿ, 1931ರಲ್ಲಿ ಒಂದು ಗುಹೆಯೊಳಗೆ ದೊರೆತ ದಂತದ ಚಿಕ್ಕ ಕುದುರೆಯೊಂದಿದೆ. ಐದು ಸೆಂಟಿಮೀಟರಿಗೂ ಕಡಿಮೆ ಉದ್ದದ ಆ ಕುದುರೆಯನ್ನು ಕೆತ್ತಿದ ಕೈಯು 35,000 ವರ್ಷಗಳಿಗಿಂತಲೂ ಹಿಂದಿನದು. ಇವೆಲ್ಲವೂ ನೋಡತಕ್ಕವುಗಳೇ.

ಆದರೆ ಹೋಗುವವರಿಗೆ ನಾನು ಹೇಳುವುದು, ಬೇರೆ ಯಾವುದನ್ನು ಬಿಟ್ಟರೂ ಎರಡು ಮನೆಗಳನ್ನು ಬಿಡಬೇಡಿರಿ ಎಂದು. ಮೊದಲನೆಯದು ಪಟ್ಟಣದೊಳಗೇ ಇದೆ. ಎರಡನೆಯದು ರಸ್ತೆಯ ಮೇಲೆ ಸುಮಾರು 40 ಕಿಲೋಮೀಟರು ದೂರದಲ್ಲಿದೆ.

ಮೊದಲನೆಯ ಮನೆಯು ನದಿಯ ದಡದಲ್ಲಿರುವ ಹಳದಿ ಬಣ್ಣದ ಗೋಪುರ. ಮೇಲೆ ಹೇಳಿದ ಹೋಲ್ಡರ್ಲಿನ್ ಕವಿಗೆ ಮಧ್ಯವಯಸ್ಸಿನಲ್ಲಿ ಬುದ್ಧಿಭ್ರಮಣೆಯಾಯಿತು. 1806ರಲ್ಲಿ ಅವನನ್ನು ಟ್ಯೂಬಿಂಗೆನಿನ ಚಿಕಿತ್ಸಾಲಯಕ್ಕೆ ಸೇರಿಸಿದರು. ಕೆಲವು ತಿಂಗಳ ಮೇಲೆ ವೈದ್ಯರು, ಇವನು ಗುಣವಾಗುವಂತಿಲ್ಲ, ಹೆಚ್ಚೆಂದರೆ ಮೂರು ವರ್ಷ ಬದುಕಿಯಾನು ಎಂದು ಹೇಳಿ ಬಿಟ್ಟುಬಿಟ್ಟರು. ಆಗ ಅವನ ಪುಸ್ತಕವೊಂದನ್ನು ಓದಿ ಮೆಚ್ಚಿದ್ದ ಎರ್ನ್ಸ್ಟ್ ತ್ಸಿಮ್ಮರ್ ಎಂಬ ಬಡಗಿಯು ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋದನು. ಕವಿಯು ಆ ಮನೆಯಲ್ಲಿ ಬದುಕಿದ್ದು ಮೂರು ವರ್ಷವಲ್ಲ, 1807ರಿಂದ 1843ರ ವರೆಗೆ, ಮೂವತ್ತಾರು ವರ್ಷ. ಬಡಗಿಯು 1838ರಲ್ಲಿ ತೀರಿಕೊಂಡ ಮೇಲೆ ಅವನ ಮಗಳಾದ ಲೊಟ್ಟೆಯು ಆ ರೋಗಿಯನ್ನು ಕೊನೆಯ ವರೆಗೂ ಆರೈಕೆ ಮಾಡಿದಳು. ಅವನ ಊಟ ವಸತಿಯ ವೆಚ್ಚಕ್ಕೆ ಹಣವು ಬರುತ್ತಿದ್ದುದು ನಿಜವೇ. ಆದರೆ ಮೂವತ್ತಾರು ವರ್ಷದ ತಾಳ್ಮೆಯು ಹಣಕ್ಕೆ ದೊರೆಯುವ ಪದಾರ್ಥವಲ್ಲ. ಆ ಗೋಪುರವು ಈಗ ವಸ್ತುಸಂಗ್ರಹಾಲಯವಾಗಿದೆ. ಜನರು ಅಲ್ಲಿಗೆ ಕವಿಯನ್ನು ನೆನೆಯಲು ಹೋಗುತ್ತಾರೆ; ನಮ್ಮ ಹುಡುಗಿಯರು ಬಡಗಿಯನ್ನೂ ಅವನ ಮಗಳನ್ನೂ ನೆನೆಯಲಿ ಎಂದು ನನ್ನ ಆಶೆ.

ಎರಡನೆಯ ಮನೆಯ ಹೆಸರು ಗ್ರಾಫೆನೆಕ್. ಇದು ಗುಡ್ಡದ ಮೇಲೆ ಕಾಡಿನ ಮಧ್ಯೆ ಇರುವ ಹಳೆಯ ಅರಮನೆ. ಒಳ್ಳೇ ಸಮಾರ್ಯದವನ ಹೆಸರನ್ನು ಇಟ್ಟುಕೊಂಡ ಒಂದು ಕ್ರೈಸ್ತ ಸಂಸ್ಥೆಯು 1928ರಲ್ಲಿ ಇದನ್ನು ಕೊಂಡು ಅಂಗವಿಕಲರ ಆಶ್ರಮವನ್ನಾಗಿ ಮಾಡಿತ್ತು. 1939ರ ಅಕ್ಟೋಬರದಲ್ಲಿ ನಾಜಿ ಸರಕಾರವು ಆ ಮನೆಯನ್ನು ವಶಪಡಿಸಿಕೊಂಡು, ಅಲ್ಲಿದ್ದವರನ್ನು ಬೇರೆಡೆಗೆ ಕಳುಹಿಸಿತು. 1940ರ ಜನವರಿಯಿಂದ ಡಿಸೆಂಬರದ ವರೆಗೆ, ಬುದ್ಧಿಭ್ರಮಣೆಯಾದವರನ್ನೂ ಬುದ್ಧಿಮಾಂದ್ಯರನ್ನೂ ಮೂರ್ಛೆರೋಗಿಗಳನ್ನೂ ದಕ್ಷಿಣ ಜರ್ಮನಿಯ ಆಸ್ಪತ್ರೆ ಆಶ್ರಮಗಳಿಂದ ಬೂದು ಬಣ್ಣದ ಬಸ್ಸುಗಳಲ್ಲಿ ಅಲ್ಲಿಗೆ ತಂದು, ಮುಚ್ಚಿದ ಕೋಣೆಯಲ್ಲಿ ವಿಷವಾಯುವನ್ನು ಬಿಟ್ಟು ಕೊಂದರು. ಹೀಗೆ ಸತ್ತವರ ಸಂಖ್ಯೆ 10,654. ಅವರಲ್ಲಿ ಮಕ್ಕಳೂ ಇದ್ದರು. ಮನೆಯವರಿಗೆ ಮರಣದ ಕಾರಣವನ್ನೂ ದಿನವನ್ನೂ ಸುಳ್ಳಾಗಿ ಬರೆದ ಸಾಂತ್ವನದ ಪತ್ರಗಳು ಹೋದವು. ಹೋಲ್ಡರ್ಲಿನನು ನೂರು ವರ್ಷ ತಡವಾಗಿ ರೋಗಿಯಾಗಿದ್ದರೆ, ಆ ಬಸ್ಸಿನಲ್ಲಿ ಅವನಿಗೂ ಒಂದು ಸ್ಥಳವಿರುತ್ತಿತ್ತು.

ಇದನ್ನು ಮಾಡಿದವರು ಯಾರು? ಅಕ್ಷರವರಿಯದ ಕ್ರೂರಿಗಳಲ್ಲ. ಪ್ರತಿಯೊಬ್ಬ ರೋಗಿಗೂ ಒಂದು ಅಚ್ಚಾದ ನಮೂನೆಯಿತ್ತು. ರೋಗವೇನು, ಎಷ್ಟು ವರ್ಷದಿಂದ ಇಲ್ಲಿದ್ದಾನೆ, ಯಾವ ಕೆಲಸವನ್ನು ಮಾಡಬಲ್ಲನು ಎಂಬ ಪ್ರಶ್ನೆಗಳು ಅದರಲ್ಲಿದ್ದವು. ಅದನ್ನು ತುಂಬಿಸಿದವರು ಓದಿದವರು. ರೋಗಿಯ ಮುಖವನ್ನೇ ನೋಡದೆ ಅದರ ಮೇಲೆ ಕೆಂಪು ಗುರುತನ್ನೋ ನೀಲಿ ಗುರುತನ್ನೋ ಹಾಕಿದವರು ಹೆಸರಾದ ವೈದ್ಯರು. ಕೆಂಪು ಗುರುತೆಂದರೆ ಮರಣ. ಉಪಾಧ್ಯಾಯಿನಿಯಾದ ನನಗೆ ಇದಕ್ಕಿಂತಲೂ ಭಯವಾಗುವ ಸಂಗತಿ ಇನ್ನೊಂದಿದೆ. ಆ ಕಾಲದ ಜರ್ಮನಿಯ ಗಣಿತದ ಪಾಠಪುಸ್ತಕಗಳಲ್ಲಿ, ಇಂಥ ಒಬ್ಬ ರೋಗಿಯನ್ನು ಸಾಕಲು ಸರಕಾರಕ್ಕೆ ಎಷ್ಟು ವೆಚ್ಚ, ಅದೇ ಹಣದಲ್ಲಿ ಏನೇನು ಮಾಡಬಹುದು ಎಂಬ ಲೆಕ್ಕಗಳನ್ನು ಮಕ್ಕಳಿಗೆ ಕೊಡುತ್ತಿದ್ದರು. ನಮ್ಮಂಥ ಉಪಾಧ್ಯಾಯರು ಆ ಲೆಕ್ಕವನ್ನು ತಿದ್ದಿ ಗುಣಗಳನ್ನು ಕೊಟ್ಟಿರಬೇಕು.

ಕ್ರೈಸ್ತರು ಇದರಲ್ಲಿ ನಿರ್ದೋಷಿಗಳೆಂದು ಹೇಳಿಕೊಳ್ಳುವಂತಿಲ್ಲ. ಸಭೆಗಳು ನಡಿಸುತ್ತಿದ್ದ ಆಶ್ರಮಗಳಿಂದಲೂ ಬಸ್ಸುಗಳು ತುಂಬಿ ಹೋದವು. ವುರ್ಟೆಂಬರ್ಗಿನ ಸಭೆಯ ಬಿಷಪ್ ವುರ್ಮರು 1940ರ ಜುಲೈಯಲ್ಲಿ ಮಂತ್ರಿಗೆ ಪತ್ರ ಬರೆದು ಆಕ್ಷೇಪಿಸಿದರು. ಅದು ಧೈರ್ಯದ ಕೆಲಸವೇ ಸರಿ. ಆದರೆ ಅಷ್ಟರಲ್ಲಿ ಸಾವಿರಾರು ಜನರು ಸತ್ತಿದ್ದರು. ಯುದ್ಧವಾದ ಮೇಲೆ, 1949ರಲ್ಲಿ, ಟ್ಯೂಬಿಂಗೆನಿನ ಅದೇ ಕೋಟೆಯಲ್ಲಿ ಎಂಟು ಮಂದಿಯ ವಿಚಾರಣೆ ನಡೆಯಿತು. ಮೂವರಿಗೆ ಮಾತ್ರ ಶಿಕ್ಷೆಯಾಯಿತು. ಅತಿ ಹೆಚ್ಚಿನ ಶಿಕ್ಷೆಯೆಂದರೆ ಐದು ವರ್ಷ. ದಂತದ ಕುದುರೆಯನ್ನು ನೋಡಲು ಕೋಟೆಯನ್ನು ಹತ್ತುವವರು ಇದನ್ನೂ ಜ್ಞಾಪಕದಲ್ಲಿಟ್ಟುಕೊಳ್ಳಬೇಕು.

ಇಂದು ಗ್ರಾಫೆನೆಕ್ ಮತ್ತೆ ಆ ಸಮಾರ್ಯ ಸಂಸ್ಥೆಯ ಕೈಯಲ್ಲಿದೆ. ಅಂಗವಿಕಲರೂ ಮನೋರೋಗಿಗಳೂ ಅಲ್ಲಿ ವಾಸಿಸುತ್ತಾರೆ. 1990ರಲ್ಲಿ ತೆರೆದ ಒಂದು ಚಿಕ್ಕ ಪ್ರಾರ್ಥನಾಸ್ಥಳವನ್ನೂ, 2005ರಲ್ಲಿ ದಾಖಲೆಗಳ ಪ್ರದರ್ಶನಶಾಲೆಯನ್ನೂ ಕಟ್ಟಿದ್ದಾರೆ. ಸತ್ತವರ ಹೆಸರುಗಳ ಪುಸ್ತಕವೊಂದಿದೆ. ಆದರೆ ಎಲ್ಲರ ಹೆಸರೂ ಸಿಕ್ಕಿಲ್ಲ. ಆದ್ದರಿಂದ ನೆಲದಲ್ಲಿ ವರ್ಣಮಾಲೆಯ ಒಂದೊಂದು ಅಕ್ಷರಕ್ಕೂ ಒಂದೊಂದು ಕಲ್ಲನ್ನು ಹಾಸಿದ್ದಾರೆ. ಯಾರ ಹೆಸರು ಗೊತ್ತಿಲ್ಲವೋ ಅವರ ಹೆಸರೂ ಆ ಅಕ್ಷರಗಳಲ್ಲಿ ಇದ್ದೇ ಇದೆ ಎಂಬುದು ಅದರ ಅರ್ಥ. ಅಕ್ಷರ ಕಲಿಸುವುದೇ ನಮ್ಮ ವೃತ್ತಿ; ಒಬ್ಬರ ಹೆಸರನ್ನೂ ಬಿಡದೆ ಬರೆಯುವುದಕ್ಕೇ ಅಕ್ಷರವಿದೆ ಎಂಬುದನ್ನು ನಾವು ಆ ಕಲ್ಲುಗಳಿಂದ ಕಲಿಯಬೇಕಾಗಿದೆ.

“ಯಾಕೆ ನೋಡಬೇಕಮ್ಮಾ?” ಎಂದು ಕೇಳಿದವರಿಗೆ ಈಗ ನನ್ನ ಉತ್ತರವನ್ನು ಹೇಳುತ್ತೇನೆ. ಅದಕ್ಕೆ ಮುಂಚೆ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ತಾಯಿಯು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸಲು ಕರೆದುಕೊಂಡು ಬಂದರು. ಹುಡುಗಿಯು ಸೌಮ್ಯಳು, ಆದರೆ ಓದು ಬಹಳ ನಿಧಾನ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ನಮ್ಮ ಫಲಿತಾಂಶವು ನೂರಕ್ಕೆ ನೂರಾಗಬೇಕೆಂಬ ಆಶೆಯಿಂದ ನಾನು ಅರ್ಜಿಯ ಮೇಲೆ ‘ಸ್ಥಳವಿಲ್ಲ’ ಎಂದು ಬರೆದೆನು. ಸ್ಥಳವಿತ್ತು. ಆ ತಾಯಿಯು ಏನೂ ಹೇಳದೆ ಅರ್ಜಿಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು ಮಗಳ ಕೈ ಹಿಡಿದು ಹೊರಟುಹೋದರು. ನನ್ನ ತಪ್ಪನ್ನು ಗ್ರಾಫೆನೆಕ್ಕಿನ ಕೊಲೆಗಳಿಗೆ ಹೋಲಿಸಿದರೆ ಸತ್ತವರಿಗೆ ಅವಮಾನವಾದೀತು. ಆದರೂ “ಇವಳಿಂದ ನಮಗೇನು ಪ್ರಯೋಜನ?” ಎಂಬ ಪ್ರಶ್ನೆಯನ್ನು ಒಂದು ಮಗುವಿನ ಮುಂದೆ ಕೇಳಿಕೊಂಡು ಕಾಗದದ ಮೇಲೆ ಗುರುತು ಹಾಕಿದ್ದು ನನ್ನ ಕೈಯೇ. ಅಂಥ ಪ್ರಶ್ನೆಯು ಎಲ್ಲಿಯ ವರೆಗೆ ಹೋಗಬಲ್ಲದು ಎಂಬುದನ್ನು ಗ್ರಾಫೆನೆಕ್ ತೋರಿಸುತ್ತದೆ; ಆದ್ದರಿಂದಲೇ ನೋಡಬೇಕು.

ಬರುವ ವರ್ಷದಿಂದ ಪ್ರತಿ ತರಗತಿಯಲ್ಲಿಯೂ ನಿಧಾನವಾಗಿ ಕಲಿಯುವ ಹುಡುಗಿಯರಿಗೆ ಸ್ಥಳವಿರಬೇಕೆಂದು ಆಡಳಿತ ಮಂಡಳಿಯನ್ನು ಕೇಳಿಕೊಂಡಿದ್ದೇನೆ. ಇದರಿಂದ ಫಲಿತಾಂಶವು ನೂರಕ್ಕೆ ಕಡಿಮೆಯಾದೀತು. ಆಗ ತಾಯಿತಂದೆಗಳಾದ ನೀವು ಶಾಲೆಯ ಮೇಲೆ ಬೇಸರಪಡಬಾರದು. ಹಳೆಯ ವಿದ್ಯಾರ್ಥಿನಿಯರಾದ ನೀವು ಶಾಲೆಯ ಕೀರ್ತಿ ಕುಂದಿತೆಂದು ಹೇಳಬಾರದು. ಕೆಪ್ಲರನನ್ನೂ ಹೇಗೆಲನನ್ನೂ ಬೆಳೆಸಿದ ಪಟ್ಟಣಕ್ಕೆ ಕೀರ್ತಿಯ ಕೊರತೆಯಿರಲಿಲ್ಲ. 1940ರಲ್ಲಿ ಆ ಸೀಮೆಗೆ ಬೇಕಾಗಿದ್ದುದು ಇನ್ನಷ್ಟು ಬಡಗಿ ತ್ಸಿಮ್ಮರರೂ ಲೊಟ್ಟೆಯರೂ. ಅಂಥವರನ್ನು ಬೆಳೆಸುವ ಕೃಪೆಯನ್ನು ದೇವರು ನಮ್ಮ ಈ ಶಾಲೆಗೆ ಅನುಗ್ರಹಿಸಲಿ.