ಬಿಡುವಿನ ಬೆಲೆ

‘ಸ್ನಾತಕ’ ಎಂಬ ಮಾತನ್ನು ನಾವು ಪದವಿಪತ್ರದ ಮೇಲೆ ಓದುತ್ತೇವೆಯೇ ಹೊರತು ಅದರ ಅರ್ಥದ ಕಡೆಗೆ ಗಮನ ಕೊಡುವುದಿಲ್ಲ. ಗುರುಕುಲದಲ್ಲಿ ಓದು ಮುಗಿಸಿದ ವಟುವು ಸಮಾವರ್ತನದ ದಿನ ಮಿಂದು, ಬ್ರಹ್ಮಚರ್ಯದ ಚಿಹ್ನೆಗಳನ್ನು ಕಳಚಿಟ್ಟು, ಮನೆಯ ಕಡೆಗೆ ಹೊರಡುತ್ತಿದ್ದನು. ಹಾಗೆ ಮಿಂದವನು ಸ್ನಾತಕ. ಓದಿಗೂ ಸಂಸಾರಕ್ಕೂ ನಡುವೆ ಒಂದು ಸ್ನಾನವಾದರೂ ಇರಲೆಂದು ಹಿಂದಿನವರು ಬಗೆದರು. ನಾವಾದರೋ ಸ್ನಾತಕರಾಗಿ, ಸ್ನಾತಕೋತ್ತರರೂ ಆಗಿ, ಒಂದು ಪರೀಕ್ಷೆಯ ಧೂಳನ್ನು ಕೊಡವಿಕೊಳ್ಳುವಷ್ಟು ಪುರುಸೊತ್ತೂ ಇಲ್ಲದೆ ಮುಂದಿನ ಪರೀಕ್ಷೆಗೆ ಅರ್ಜಿ ತುಂಬಲು ಓಡುತ್ತೇವೆ.

ನಾನು ಇದೇ ಕಾಲೇಜಿನ ಸ್ನಾತಕೋತ್ತರ ವಿಭಾಗದಲ್ಲಿ ಇತಿಹಾಸದ ಎಂ.ಎ. ಮುಗಿಸಿದವಳು. ಫಲಿತಾಂಶ ಬಂದ ಮೇಲಿನ ಕೆಲವು ತಿಂಗಳು ನನಗೆ ಬಿಡುವು ದೊರೆಯಿತು. ಆದರೆ ಬಿಡುವು ದೊರೆಯುವುದು ಬೇರೆ, ಅದನ್ನು ಅನುಭವಿಸಲು ಅಪ್ಪಣೆ ದೊರೆಯುವುದು ಬೇರೆ. ಮದುವೆಯ ಮನೆಯಲ್ಲಿ, ಬಸ್ ನಿಲ್ದಾಣದಲ್ಲಿ, ಬಾವಿಯ ಕಟ್ಟೆಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ: “ಮುಂದೇನಮ್ಮಾ?” “ಸ್ವಲ್ಪ ದಿನ ನನಗೆ ಬೇಕಾದ್ದನ್ನು ಓದಿಕೊಂಡು, ನಾಲ್ಕು ಊರು ನೋಡಿಕೊಂಡು ಇರುತ್ತೇನೆ” ಎಂದರೆ ಕೇಳಿದವರ ಮುಖ ಸಣ್ಣದಾಗುತ್ತದೆ. ನೆಟ್ಟು, ಕೆ-ಸೆಟ್ಟು, ಬಿ.ಎಡ್., ಮದುವೆ — ಈ ನಾಲ್ಕರಲ್ಲಿ ಒಂದರ ಹೆಸರು ಹೇಳದಿದ್ದರೆ “ಎಂ.ಎ. ಮಾಡಿ ಮನೆಯಲ್ಲಿ ಕೂತಿದ್ದಾಳೆ” ಎಂಬ ಬಿರುದು ಖಂಡಿತ. ಈ ಬಿರುದು ಅನ್ಯಾಯದ್ದೆಂದು ವಾದಿಸುವುದೇ ಈ ಲೇಖನದ ಉದ್ದೇಶ.

ಬಿಡುವು ಬೇರೆ, ಸೋಮಾರಿತನ ಬೇರೆ. ಈ ಭೇದವನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು. ಇಂಗ್ಲಿಷಿನ ‘ಸ್ಕೂಲ್’ ಎಂಬ ಶಬ್ದ ಹುಟ್ಟಿದ್ದು ಗ್ರೀಕಿನ ‘ಸ್ಖೋಲೆ’ ಎಂಬುದರಿಂದ. ಅದರ ಮೂಲಾರ್ಥ ವಿರಾಮ. ವಿರಾಮವಿದ್ದಲ್ಲಿ ಮಾತ್ರ ವಿದ್ಯೆ ಎಂದು ಅವರು ತಿಳಿದಿದ್ದರು. ನಮ್ಮ ವೇದಪಾಠಶಾಲೆಗಳಲ್ಲಿಯೂ ಪಾಡ್ಯ, ಅಷ್ಟಮಿ ಮೊದಲಾದ ತಿಥಿಗಳು ಅನಧ್ಯಾಯದ ದಿನಗಳು. ಆ ದಿನ ಪಾಠ ಹೇಳುವುದೂ ಕೂಡದು, ಕೇಳುವುದೂ ಕೂಡದು. ಬರ್ಟ್ರಂಡ್ ರಸೆಲ್ಲನು 1932ರಲ್ಲಿ ಸೋಮಾರಿತನವನ್ನು ಹೊಗಳುವಂಥ ತಲೆಬರಹ ಕೊಟ್ಟು ಒಂದು ಪ್ರಬಂಧವನ್ನೇ ಬರೆದನು. ದಿನಕ್ಕೆ ನಾಲ್ಕು ಗಂಟೆಯ ದುಡಿಮೆ ಸಾಕು, ಉಳಿದ ಕಾಲವನ್ನು ಮನುಷ್ಯನು ತನ್ನ ಮನಸ್ಸಿಗೆ ಒಪ್ಪಿದ ಹಾಗೆ ಬಳಸಲಿ ಎಂಬುದು ಅವನ ಸಲಹೆ. ಆದರೆ ವಿರಾಮವನ್ನು ಚೆನ್ನಾಗಿ ಬಳಸಲು ಶಿಕ್ಷಣವೂ ಬೇಕೆಂದು ಅವನು ಒತ್ತಿ ಹೇಳಿದ್ದಾನೆ. ಆ ಶಿಕ್ಷಣವನ್ನು ನಮ್ಮ ಯಾವ ಪಠ್ಯಕ್ರಮವೂ ಕೊಡುವುದಿಲ್ಲವೆಂಬುದೇ ನನ್ನ ದೂರು.

ಹವ್ಯಾಸವೆಂದರೆ ಹಣವುಳ್ಳವರ ಆಟವೆಂದು ಕೆಲವರ ಭಾವನೆ. ನನ್ನ ಹವ್ಯಾಸಕ್ಕೆ ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಇಷ್ಟೇ ಬಂಡವಾಳ. ಸಂಜೆಯ ಹೊತ್ತು ಊರ ಕೆರೆಯ ಏರಿಯ ಮೇಲೆ ಕುಳಿತು ಹಕ್ಕಿಗಳನ್ನು ನೋಡುವುದು, ಕಂಡದ್ದನ್ನು ಬರೆದಿಡುವುದು. ಗೀಜಗನ ಗೂಡನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಗೂಡು ಹೆಣೆಯುವುದು ಗಂಡು ಹಕ್ಕಿಯೆಂಬುದನ್ನು ಎಷ್ಟು ಮಂದಿ ಗಮನಿಸಿದ್ದಾರೆ? ಮಳೆಗಾಲದಲ್ಲಿ ಹುಲ್ಲಿನ, ಗರಿಯ ಸೀಳುಗಳನ್ನು ತಂದು ಅದು ಅರ್ಧ ಗೂಡು ಕಟ್ಟಿ, ರೆಕ್ಕೆ ಬಡಿದು ಹೆಣ್ಣನ್ನು ಕರೆಯುತ್ತದೆ. ಹೆಣ್ಣು ಬಂದು ಒಳಹೊರಗೆ ಪರೀಕ್ಷಿಸಿ ಒಪ್ಪಿದರೆ ಮಾತ್ರ ಉಳಿದರ್ಧವೂ ಕೆಳಗೆ ಇಳಿಬಿದ್ದ ಕೊಳವೆಯೂ ಪೂರ್ತಿಯಾಗುತ್ತವೆ. ಒಪ್ಪದಿದ್ದರೆ ಆ ಗೂಡು ಅರ್ಧಕ್ಕೇ ನಿಲ್ಲುವುದುಂಟು. ಇಷ್ಟನ್ನು ಕಣ್ಣಾರೆ ಕಾಣಲು ನನಗೆ ಹಲವಾರು ಸಂಜೆಗಳು ಬೇಕಾದವು. ಇದಕ್ಕೆ ಅಂಕವಿಲ್ಲ, ಪ್ರಮಾಣಪತ್ರವಿಲ್ಲ. ಆದರೂ ಎರಡು ವರ್ಷದ ಓದಿನಲ್ಲಿ ನಾನು ಅಷ್ಟು ಏಕಾಗ್ರತೆಯಿಂದ ಒಂದು ವಸ್ತುವನ್ನು ನೋಡಿದ ನೆನಪಿಲ್ಲ.

ಇನ್ನು ಪ್ರವಾಸ. ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬ ಗಾದೆಯನ್ನು ಪ್ರಬಂಧಗಳಲ್ಲಿ ಬರೆದು ಬರೆದು ಸವೆಸಿದ್ದೇವೆ. ಆದರೆ ಕೋಶ ಓದಿದವರು ದೇಶವನ್ನೂ ಸುತ್ತಿದಾಗಲೇ ಓದಿದ್ದಕ್ಕೆ ಜೀವ ಬರುತ್ತದೆ. ಐಹೊಳೆಯ ಶಾಸನವನ್ನು ಕುರಿತು ನಾನು ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಶಕವರ್ಷ 556, ಅಂದರೆ ಕ್ರಿ.ಶ. 634, ಕವಿ ರವಿಕೀರ್ತಿ, ಇಮ್ಮಡಿ ಪುಲಕೇಶಿಯಿಂದ ಹರ್ಷನ ಸೋಲು. ಇವನ್ನು ಬರೆದರೆ ಅಂಕಕ್ಕೆ ಮೋಸವಿಲ್ಲ. ಬಿಡುವಿನಲ್ಲಿ ಗೆಳತಿಯೊಬ್ಬಳೊಡನೆ ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ನೋಡಿಬಂದೆ. ಗುಡ್ಡ ಹತ್ತಿ ಮೇಗುಟಿಯ ಗೋಡೆಯ ಮುಂದೆ ನಿಂತಾಗ, ಪುಸ್ತಕದಲ್ಲಿ ತೋರದಿದ್ದ ಒಂದು ಸಂಗತಿ ಮನಸ್ಸಿಗೆ ಬಂತು. ಆ ಶಾಸನವು ಹರ್ಷನ ಸೋಲನ್ನು ಹೇಳಲೆಂದು ಹುಟ್ಟಿದ್ದಲ್ಲ. ರವಿಕೀರ್ತಿಯು ತಾನು ಕಟ್ಟಿಸಿದ ಆ ಜಿನಾಲಯದ ಕಥೆಯನ್ನು ಹೇಳಲೆಂದು ಹುಟ್ಟಿದ್ದು. ರಾಜನ ವಿಜಯಗಳು ಆ ಕಥೆಯೊಳಗೆ ಬಂದವು. ತನ್ನನ್ನು ಕಾಳಿದಾಸ, ಭಾರವಿಯರಿಗೆ ಹೋಲಿಸಿಕೊಂಡ ಆ ಕವಿಯ ಹೆಮ್ಮೆಯೂ ಆ ಬಿಸಿಲಿನಲ್ಲಿ, ಆ ಕಲ್ಲಿನ ಮುಂದೆ ನಿಂತಾಗ ಅತಿಯೆನಿಸಲಿಲ್ಲ. ನಾವು ಪ್ರಶ್ನೆಪತ್ರಿಕೆಗಾಗಿ ಗೋಡೆಯಿಂದ ಸಾಲುಗಳನ್ನು ಕಿತ್ತುಕೊಂಡು ಗೋಡೆಯನ್ನೇ ಮರೆತುಬಿಟ್ಟಿದ್ದೇವೆ.

ಈ ಪ್ರವಾಸಕ್ಕೆ ತಗಲಿದ ಖರ್ಚು ಊಟ, ವಸತಿಗಳದ್ದು ಮಾತ್ರ. 2023ರ ಜೂನ್ 11ರಂದು ರಾಜ್ಯದಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ಟಿನ ಬೆಲೆ ಸೊನ್ನೆಯಾಯಿತು. ಮನೆಯ ಅಪ್ಪಣೆಯ ಬೆಲೆ ಮಾತ್ರ ಒಂದು ಕಾಸೂ ಇಳಿಯಲಿಲ್ಲ. ಅಣ್ಣನು “ಗೋವೆಗೆ ಹೋಗಿಬರುತ್ತೇನೆ” ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಸಾಕು. ತಂಗಿಯು ಬಾದಾಮಿಗೆ ಹೋಗಬೇಕಾದರೆ ಜೊತೆಗೆ ಯಾರು, ಇಳಿದುಕೊಳ್ಳುವುದು ಎಲ್ಲಿ, ಮರಳುವುದು ಎಷ್ಟು ಹೊತ್ತಿಗೆ, ಕಂಡವರು ಏನೆಂದಾರು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಮೊದಲ ಮೂರು ವಾತ್ಸಲ್ಯದಿಂದ ಹುಟ್ಟಿದವು, ಅವಕ್ಕೆ ಉತ್ತರ ಕೊಡೋಣ. ನಾಲ್ಕನೆಯದಕ್ಕೆ ಉತ್ತರ ಕೊಡುವ ಹೊಣೆ ನಮ್ಮದಲ್ಲವೆಂದು ನನ್ನ ಅಭಿಪ್ರಾಯ. ಮದುವೆಯಾದ ಮೇಲೆ ಬಿಡುವೆಂಬುದು ಹೆಣ್ಣಿಗೆ ಎಷ್ಟು ದೊರೆಯುತ್ತದೆಂಬುದನ್ನು ನಮ್ಮ ತಾಯಂದಿರ ದಿನಚರಿಯೇ ಹೇಳುತ್ತದೆ. ಈ ಕೆಲವು ತಿಂಗಳುಗಳನ್ನೂ ಕಸಿದುಕೊಂಡರೆ ಅವಳ ಪಾಲಿಗೆ ಉಳಿಯುವುದೇನು?

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. “ಹೊಟ್ಟೆ ತುಂಬಿದವರ ಮಾತಿದು, ಬಡವರ ಮನೆಯಲ್ಲಿ ಬಿಡುವೆಲ್ಲಿಂದ ಬಂತು?” ಎಂದು ಮಿತ್ರರು ಕೇಳಬಹುದು. ಪರೀಕ್ಷೆ ಮುಗಿದ ಮರುದಿನವೇ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯಲು ನಿಂತ ಸಹಪಾಠಿಗಳು ನನಗೂ ಇದ್ದಾರೆ. ಅವರಿಗೆ ಹಕ್ಕಿ ನೋಡಲು ಹೋಗಿರೆಂದು ಉಪದೇಶಿಸುವಷ್ಟು ಉದ್ಧಟತನ ನನಗಿಲ್ಲ. ಆದರೆ ಬಿಡುವು ಕೆಲವರಿಗೆ ಮಾತ್ರ ದೊರೆಯುತ್ತದೆಂದರೆ ಅದು ಬಿಡುವಿನ ದೋಷವಲ್ಲ, ಹಂಚಿಕೆಯ ದೋಷ. 1948ರಲ್ಲಿ ವಿಶ್ವಸಂಸ್ಥೆಯು ಸಾರಿದ ಮಾನವ ಹಕ್ಕುಗಳ ಘೋಷಣೆಯ 24ನೆಯ ವಿಧಿಯು ವಿಶ್ರಾಂತಿ ಮತ್ತು ವಿರಾಮ ಪ್ರತಿಯೊಬ್ಬರ ಹಕ್ಕೆಂದು ಹೇಳಿತು. ಅದೇ ವರ್ಷ ನಮ್ಮ ದೇಶದ ಕಾರ್ಖಾನೆಗಳ ಕಾಯಿದೆಯು ವಾರಕ್ಕೆ 48 ಗಂಟೆಯ ಮಿತಿಯನ್ನೂ ವಾರಕ್ಕೊಂದು ರಜೆಯನ್ನೂ ವಿಧಿಸಿತು. ದುಡಿಯುವವನಿಗೂ ಬಿಡುವು ಬೇಕೆಂದು ಹೋರಾಡಿದವರು ಸೋಮಾರಿಗಳಾಗಿರಲಿಲ್ಲ. ಅಂಗಡಿಯಲ್ಲಿ ನಿಂತ ಗೆಳೆಯನ ಒಂದು ಭಾನುವಾರವೂ ನನ್ನ ತಿಂಗಳುಗಳಷ್ಟೇ ಬೆಲೆಯುಳ್ಳದ್ದು.

ಮತ್ತೊಂದು ಮಾತು. ಬೆರಳಿನಿಂದ ಫೋನಿನ ಪರದೆಯನ್ನು ಮೇಲೆ ಸರಿಸುತ್ತಾ ಕಳೆದ ರಾತ್ರಿಯನ್ನು ಬಿಡುವೆಂದು ಕರೆಯಲು ನನಗೆ ಮನಸ್ಸಿಲ್ಲ. ಅಲ್ಲಿ ನೋಡುವವರು ನಾವಾದರೂ, ಮುಂದೆ ಏನು ನೋಡಬೇಕೆಂದು ನಿಶ್ಚಯಿಸುವವರು ಬೇರೆ. ಹಾಗೆಂದು ಹವ್ಯಾಸದಿಂದ ಲಾಭವೇನೆಂದು ತಕ್ಕಡಿ ಹಿಡಿಯುವುದೂ ಸರಿಯಲ್ಲ. ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ಎಂ.ಎ. ಮುಗಿಸಿ, ನೌಕರಿಯ ದಾರಿ ಹಿಡಿಯದೆ ಮೂಡಿಗೆರೆಯ ಕಡೆ ಕೃಷಿಗೆ ಹೋದರು. ಅಲ್ಲಿ ಮೀನು ಹಿಡಿದರು, ಹಕ್ಕಿಗಳ ಚಿತ್ರ ತೆಗೆದರು. ಅದರಿಂದ ಕನ್ನಡಕ್ಕೆ ಒಳ್ಳೆಯ ಪುಸ್ತಕಗಳು ದೊರೆತವು. ನಮ್ಮಲ್ಲಿ ಬಹುಮಂದಿಯ ಹವ್ಯಾಸದಿಂದ ಪುಸ್ತಕ ಬಾರದು, ಬಾರದಿದ್ದರೂ ಚಿಂತೆಯಿಲ್ಲ. ನೋಡಿದವನ ಮನಸ್ಸು ಅರಳಿದರೆ ಅಷ್ಟೇ ಸಾಕು.

ಕೊನೆಯದಾಗಿ ಅಧ್ಯಾಪಕವೃಂದದಲ್ಲಿ ಎರಡು ಬಿನ್ನಹ. ವರ್ಷಕ್ಕೊಮ್ಮೆ ನಡೆಯುವ ಶೈಕ್ಷಣಿಕ ಪ್ರವಾಸದಲ್ಲಿ ಮೂರು ದಿನಕ್ಕೆ ಹನ್ನೆರಡು ಊರು ಓಡಿಸುವ ಬದಲು ಒಂದೇ ಊರಿನಲ್ಲಿ ಮೂರು ದಿನ ನಿಲ್ಲಿಸಿ. ಓದು ಮುಗಿಸಿ ಹೊರಹೋದವರಿಗೂ ಒಂದು ವರ್ಷದ ಮಟ್ಟಿಗೆ ಗ್ರಂಥಾಲಯದ ಬಾಗಿಲು ತೆರೆದಿಡಿ. ಸಹಪಾಠಿಗಳಲ್ಲಿ ಬಿನ್ನಹ ಒಂದೇ: ಬಿಡುವು ಬಂದಾಗ ಅದಕ್ಕಾಗಿ ನಾಚಬೇಡಿ. ಮುಂದಿನ ವರ್ಷ ನಾನೂ ಎಲ್ಲರಂತೆ ಅರ್ಜಿ ತುಂಬುವವಳೇ, ಸಾಲಿನಲ್ಲಿ ನಿಲ್ಲುವವಳೇ. ಆದರೆ ನಿಲ್ಲುವಾಗ ನನ್ನ ನೋಟುಪುಸ್ತಕದ ಕೆಲವು ಹಾಳೆಗಳು ತುಂಬಿರುತ್ತವೆ. ಆ ಹಾಳೆಗಳನ್ನು ತುಂಬಲು ಯಾರೂ ನನಗೆ ಹೇಳಿರಲಿಲ್ಲವೆಂಬುದೇ ನನ್ನ ಸಂತೋಷ.