ಚೆಂಡಿನ ಜೊತೆ ಓಡಿದ ಭಾಷೆ

ಮನೆಮಾತು ಅಡುಗೆಮನೆಗೆ ಸಾಕು, ವೇಗದ ಸಂಗತಿಗಳಿಗೆಲ್ಲ ಇಂಗ್ಲಿಷೇ ಸರಿ ಎನ್ನುವವರಿಗೆ ಐರ್ಲೆಂಡಿನ ಮೇಷ್ಟರೊಬ್ಬರನ್ನು ತೋರಿಸಬೇಕೆನಿಸುತ್ತದೆ. ಅವರು ಮೀಹಾಲ್ ಓ ಮುರಹರ್ಟಿ. 1930ರಲ್ಲಿ ಡಿಂಗಲ್ ಬಳಿಯ ಐರಿಷ್ ಮಾತಿನ ಸೀಮೆಯಲ್ಲಿ ಹುಟ್ಟಿದವರು.

ಡಬ್ಲಿನ್ನಿನಲ್ಲಿ ಶಿಕ್ಷಕರ ತರಬೇತಿಯಲ್ಲಿದ್ದಾಗ, ಐರಿಷ್‌ನಲ್ಲಿ ವೀಕ್ಷಕ ವಿವರಣೆ ಕೊಡುವವರಿಗಾಗಿ ರೇಡಿಯೋದವರು ಪರೀಕ್ಷೆ ಇಟ್ಟರು. ಕ್ರೋಕ್ ಪಾರ್ಕ್‌ನಲ್ಲಿ ಹರ್ಲಿಂಗ್ ಪಂದ್ಯ. ಕೋಲಿನಿಂದ ಹೊಡೆದ ಚೆಂಡು ಕಣ್ಣಿಗೇ ಸಿಗದ ಆಟ. ಹುಡುಗ ಅದನ್ನು ಕಂಡವನೇ ಅಲ್ಲ! ಗೊತ್ತಿದ್ದ ಆಟಗಾರ ಒಬ್ಬನೇ, ಅವನೂ ಗೋಲ್‌ಕೀಪರ್. ಮಾತಿನಲ್ಲೇ ಅವನನ್ನು ಮೈದಾನದ ನಡುವಿಗೆ ಎಳೆತಂದು ಆಡಿಸಿಬಿಟ್ಟ. (ನನ್ನ ವಿದ್ಯಾರ್ಥಿಯಾಗಿದ್ದರೆ ಕಿವಿ ಹಿಂಡುತ್ತಿದ್ದೆ.) ಆಯ್ಕೆಯಾದ. 1949ರಲ್ಲಿ, 18ರ ಹರೆಯದಲ್ಲಿ, ಮೊದಲ ಪ್ರಸಾರ, ಅದೂ ಐರಿಷ್‌ನಲ್ಲೇ.

ಪಾಠ ಹೇಳುತ್ತಲೇ ದಶಕಗಳ ಕಾಲ ಮೈಕಿನ ಮುಂದೆ ಕೂತರು. ಇಂಗ್ಲಿಷ್ ವಿವರಣೆಯ ನಡುವೆಯೂ ಐರಿಷ್ ನುಗ್ಗುತ್ತಿತ್ತು, ಯಾರ ಅಪ್ಪಣೆಯೂ ಕೇಳದೆ. 2010ರಲ್ಲಿ ನಿವೃತ್ತರಾದರು, 2024ರಲ್ಲಿ ತೀರಿಕೊಂಡರು. ಅಷ್ಟು ವರ್ಷ ಚೆಂಡಿನ ಹಿಂದೆ ಓಡಿದರೂ ಆ ಭಾಷೆಗೆ ಏದುಸಿರು ಬರಲಿಲ್ಲ.

ಭಾಷೆಗೆ ಶಕ್ತಿಯಿಲ್ಲ ಎನ್ನುವುದು ನಮ್ಮ ಸೋಮಾರಿತನದ ನೆಪ. ಬೇರೆಯವರನ್ನೇಕೆ ಬೈಯಲಿ? ಮಗನಿಗೆ ಮನೆಯಲ್ಲೂ ಇಂಗ್ಲಿಷ್ ಆಡಿಸಿದವಳು ನಾನೇ. ಈಗ ಅಜ್ಜಿ, “ಮ್ಯಾಚು ಏನಾಯ್ತೋ ಮಗಾ?” ಎಂದರೆ ಅವನು ಮೂರನೇ ವಾಕ್ಯಕ್ಕೇ ತಡವರಿಸಿ, ಸ್ಕೋರು ಹೇಳಿ ಎದ್ದುಹೋಗುತ್ತಾನೆ.